ಪಿಎಫ್ ವಿಳಂಬದ ದಂಡ: ತಕರಾರು ತೆಗೆದ ಸಾಲುಗಳು, ಹಣ ಕಟ್ಟಿದ ಸಾಲುಗಳು

ನಮ್ಮ ರಟ್ಟಿನ ಪೆಟ್ಟಿಗೆ ತಯಾರಿಸುವ ಘಟಕದ ಮೇಲಿದ್ದ ಭವಿಷ್ಯ ನಿಧಿ ವಿಳಂಬ ದಂಡದ ಪ್ರಕರಣ ಈಗಷ್ಟೇ ಮುಗಿದಿದೆ. ನೋಟಿಸಿನಲ್ಲಿ ಕೇಳಿದ್ದು 3 ಲಕ್ಷ 97 ಸಾವಿರ ರೂಪಾಯಿ, ಕೊನೆಗೆ ಕಟ್ಟಿದ್ದು 3 ಲಕ್ಷ 20 ಸಾವಿರ. ಉಳಿದ 77 ಸಾವಿರಕ್ಕಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಗದ ಹುಡುಕಿದೆ, ಕಾದೆ, ಮತ್ತೆ ಕಾದೆ. ಮೂವತ್ತು ಜನ ಕೆಲಸ ಮಾಡುವ ಸಣ್ಣ ಘಟಕಗಳಿಗೆ ಇಂಥ ನೋಟಿಸ್ ಬಂದಾಗ ಕನ್ನಡದಲ್ಲಿ ಕೂರಿಸಿಕೊಂಡು ಹೇಳುವವರು ಯಾರೂ ಇರುವುದಿಲ್ಲ. ಸಲಹೆಗಾರರು ಹೇಳುವುದು ಒಂದು, ಪಕ್ಕದ ಶೆಡ್ಡಿನವರು ಹೇಳುವುದು ಮತ್ತೊಂದು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಘಟಕವನ್ನು ಕಟ್ಟಿದ್ದು ಅಪ್ಪ. 2021ರ ಎರಡನೆಯ ಅಲೆಯಲ್ಲಿ ಅವರ ಆರೋಗ್ಯ ಕೆಟ್ಟಿತು. ಮುಂದಿನ ವರ್ಷದ ಕೊನೆಯಲ್ಲಿ ತೀರಿಕೊಂಡರು. ಆ ನಡುವಿನ ಅವಧಿಯಲ್ಲಿ ದೊಡ್ಡ ಖರೀದಿದಾರರೊಬ್ಬರ ಬಿಲ್ಲುಗಳು ತಿಂಗಳುಗಟ್ಟಲೆ ಬರಲಿಲ್ಲ. ಅಪ್ಪ ಕೂಲಿ ನಿಲ್ಲಿಸಲಿಲ್ಲ, ಆದರೆ ಪಿಎಫ್ ಹಣ ಹಿಂದೆ ಬಿತ್ತು. ನಾನು ಜವಾಬ್ದಾರಿ ವಹಿಸಿಕೊಂಡ ಮೇಲೆ 2023ರ ಮಾರ್ಚ್ ವೇಳೆಗೆ ಎಲ್ಲ ಬಾಕಿ ವಂತಿಗೆಯನ್ನು ಕಟ್ಟಿ ಮುಗಿಸಿದೆವು. ಅಸಲು ಕಟ್ಟಿದ ಮೇಲೆ ವಿಷಯ ಮುಗಿಯಿತು ಎಂದು ನಮ್ಮ ಲೆಕ್ಕಿಗರೂ ನಂಬಿದ್ದರು. ಅದು ಮುಗಿಯುವುದಿಲ್ಲ. ತಡವಾಗಿ ಕಟ್ಟಿದ ಪ್ರತಿ ತಿಂಗಳಿಗೂ ಎರಡು ಬೇರೆ ಬೇರೆ ಹೊರೆಗಳು ಹಿಂದೆಯೇ ಬರುತ್ತವೆ: 1952ರ ಭವಿಷ್ಯ ನಿಧಿ ಕಾಯ್ದೆಯ ಕಲಂ 14ಬಿ ಪ್ರಕಾರ ದಂಡರೂಪದ ನಷ್ಟಭರ್ತಿ, ಕಲಂ 7ಕ್ಯೂ ಪ್ರಕಾರ ವರ್ಷಕ್ಕೆ ಶೇ 12ರ ಬಡ್ಡಿ. ಇವು ಬರುವುದಕ್ಕೆ ವರ್ಷಗಳೇ ಹಿಡಿಯಬಹುದು. ನಮಗೆ ಬಂದದ್ದು 2024ರಲ್ಲಿ, 2019ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗಿನ ಅವಧಿಗೆ.

ನೋಟಿಸ್ ಅಂಚೆಯಲ್ಲಿ ಅಪ್ಪನ ಹೆಸರಿಗೇ ಬಂತು. ಜೊತೆಗೆ ಪುಟಗಟ್ಟಲೆ ಲೆಕ್ಕದ ಪಟ್ಟಿ: ಯಾವ ತಿಂಗಳ ಕೂಲಿ, ಎಷ್ಟು ವಂತಿಗೆ, ಕಟ್ಟಬೇಕಿದ್ದ ದಿನ, ಕಟ್ಟಿದ ದಿನ, ವಿಳಂಬದ ದಿನಗಳು, ದರ, ಮೊತ್ತ. ಕೊನೆಯ ಪುಟದಲ್ಲಿ ದಂಡ 2 ಲಕ್ಷ 41 ಸಾವಿರ, ಬಡ್ಡಿ 1 ಲಕ್ಷ 56 ಸಾವಿರ. ವಿಚಾರಣೆಯ ದಿನ ಮೂರು ವಾರಕ್ಕಿಂತ ಹತ್ತಿರದಲ್ಲಿತ್ತು. ತೀರಿಕೊಂಡ ಅಪ್ಪನ ಹೆಸರನ್ನು 'ಕಸೂರುದಾರ', ಅಂದರೆ ಕಟ್ಟಬೇಕಾದದ್ದನ್ನು ಕಟ್ಟದೆ ತಪ್ಪಿದವರು, ಎಂಬ ಪದದ ಪಕ್ಕದಲ್ಲಿ ನೋಡಿದಾಗ ಆದ ಸಂಕಟವನ್ನು ಬರೆಯುವುದು ಕಷ್ಟ. ಅಮ್ಮನಿಗೆ ಆ ಹಾಳೆಯನ್ನು ತೋರಿಸಲಿಲ್ಲ.

ಮೊದಲ ಪ್ರಶ್ನೆ, ಇದು ನನ್ನ ಹೊಣೆಯೇ ಎಂಬುದು. ಹೌದು. ಸಂಸ್ಥೆ ಕೈ ಬದಲಾದಾಗ ಹಳೆಯ ಮಾಲೀಕರ ಕಾಲದ ಬಾಕಿಗೆ ಹೊಸಬರೂ ಜಂಟಿಯಾಗಿ ಹೊಣೆ ಎಂದು ಕಲಂ 17ಬಿ ಹೇಳುತ್ತದೆ; ಪಡೆದುಕೊಂಡ ಆಸ್ತಿಯ ಮೌಲ್ಯದವರೆಗೆ ಮಾತ್ರ ಎಂಬ ಮಿತಿ ಇದೆ. ದಂಡಕ್ಕೂ ಇದು ಅನ್ವಯಿಸುತ್ತದೆ ಎಂದು 2014ರಲ್ಲಿ ಒಂದು ಚಹಾ ತೋಟದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾರಾದರೂ ನಡೆಯುತ್ತಿರುವ ಘಟಕವನ್ನು ಕೊಳ್ಳುವುದಿದ್ದರೆ ಯಂತ್ರಗಳ ಸ್ಥಿತಿಗಿಂತ ಮೊದಲು ಹಿಂದಿನ ಐದಾರು ವರ್ಷಗಳ ಪಿಎಫ್ ಚಲನ್ ದಿನಾಂಕಗಳನ್ನು ನೋಡಿ. ಬಾಕಿ ಇಲ್ಲ ಎಂಬ ಮಾತು ಸಾಲದು. ಅಸಲಿನ ಬಾಕಿ ಇಲ್ಲದಿದ್ದರೂ ವಿಳಂಬದ ಲೆಕ್ಕ ಒಳಗೇ ಕೂತಿರುತ್ತದೆ.

ಎರಡನೆಯ ಅಡ್ಡಿ ನಾನು ಎಣಿಸದೇ ಇದ್ದದ್ದು. ಹಳೆಯ ಚಲನ್‌ಗಳನ್ನು ತೆಗೆಯಲು ಉದ್ಯೋಗದಾತರ ಪೋರ್ಟಲ್‌ಗೆ ಹೋಗಬೇಕು. ಕೆಲವು ಕೆಲಸಗಳಿಗೆ ಬೇಕಾದ ಒಟಿಪಿ ಅಪ್ಪನ ಮೊಬೈಲ್ ಸಂಖ್ಯೆಗೆ ಹೋಗುತ್ತಿತ್ತು. ಡಿಜಿಟಲ್ ಸಹಿಯೂ ಅವರದೇ. ಸಿಮ್ ಅನ್ನು ಅಮ್ಮ ಭಾವುಕ ಕಾರಣಕ್ಕೆ ರೀಚಾರ್ಜ್ ಮಾಡಿಸಿ ಇಟ್ಟುಕೊಂಡಿದ್ದರಿಂದ ತಕ್ಷಣಕ್ಕೆ ಬಚಾವಾದೆವು. ಆದರೆ ತೀರಿಕೊಂಡವರ ಸಂಖ್ಯೆಯಿಂದ ಕೆಲಸ ನಡೆಸುವುದು ಸರಿಯಲ್ಲ, ಮುಂದೆ ತೊಡಕಾಗುತ್ತದೆ. ಮಾಲೀಕತ್ವದ ವಿವರ ಕೊಡುವ ನಮೂನೆ 5ಎ ಅನ್ನು ಹೊಸದಾಗಿ ಸಲ್ಲಿಸಿದೆ. ಮರಣ ಪ್ರಮಾಣಪತ್ರ, ಹೊಸ ಪಾಲುದಾರಿಕೆ ಪತ್ರ, ಪ್ಯಾನ್, ನನ್ನ ಆಧಾರ್ ಪ್ರತಿ ಎಲ್ಲವನ್ನೂ ಲಗತ್ತಿಸಿದೆ. ಸಹಿಯ ಹೆಸರಿನಲ್ಲಿ ನನ್ನ ಗಂಡನ ಮನೆತನದ ಹೆಸರು ಸೇರಿದೆ, ಪ್ಯಾನ್‌ನಲ್ಲಿ ಇಲ್ಲ ಎಂದು ಒಮ್ಮೆ ಮರಳಿ ಬಂತು. ಕುಟುಂಬದ ಉದ್ಯಮ ನಡೆಸುವವರು ದಯವಿಟ್ಟು ಇದನ್ನು ಈಗಲೇ ಮಾಡಿ: ಪೋರ್ಟಲ್‌ನಲ್ಲಿ ಇನ್ನೊಬ್ಬ ಅಧಿಕೃತ ಸಹಿದಾರರನ್ನು ಸೇರಿಸಿಡಿ. ಹಿರಿಯರು ಕಾಯಿಲೆ ಬಿದ್ದ ಮೇಲೆ ಇದನ್ನು ಮಾಡುವ ಮನಸ್ಸೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.

ಮೊದಲ ವಿಚಾರಣೆಗೆ ನಾನು ಹೋದದ್ದು ಸಮಯ ಕೇಳುವುದಕ್ಕೆ ಮಾತ್ರ. ಲಿಖಿತ ಅರ್ಜಿ ಕೊಟ್ಟೆ, ದಾಖಲೆ ಸಂಗ್ರಹಿಸಲು ಅವಕಾಶ ಸಿಕ್ಕಿತು. ನೋಟಿಸ್‌ಗೆ ಹೆದರಿ ಹಾಜರಾಗದೆ ಇರುವುದು ಎಲ್ಲಕ್ಕಿಂತ ಕೆಟ್ಟ ದಾರಿ. ದಂಡ ಹಾಕುವ ಮುನ್ನ ಮಾಲೀಕರ ಮಾತು ಕೇಳಬೇಕು ಎಂದು 14ಬಿ ಕಲಮಿನಲ್ಲೇ ಇದೆ, ಆದರೆ ನೀವು ಹೋಗದಿದ್ದರೆ ಪಟ್ಟಿಯಲ್ಲಿದ್ದ ಮೊತ್ತವೇ ಆದೇಶವಾಗುತ್ತದೆ. ಸ್ವತಃ ಹೋಗಲಾಗದಿದ್ದರೆ ಅಧಿಕಾರ ಪತ್ರ ಕೊಟ್ಟು ವಕೀಲರನ್ನೋ ಸಲಹೆಗಾರರನ್ನೋ ಕಳುಹಿಸಬಹುದು.

ಸಲಹೆಗಾರರ ಬಗ್ಗೆ ಒಂದು ಮಾತು. ನಾನು ಮೊದಲು ಮಾತನಾಡಿಸಿದವರು ಮೂವತ್ತು ಸಾವಿರ ಶುಲ್ಕ ಹೇಳಿ, 'ಮಾಲೀಕರು ಕಾಯಿಲೆ ಬಿದ್ದಿದ್ದರು, ದುರುದ್ದೇಶ ಇರಲಿಲ್ಲ, ಆದ್ದರಿಂದ ಪೂರ್ತಿ ಮನ್ನಾ ಮಾಡಿ ಎಂದು ಕೇಳೋಣ' ಎಂದರು. ನನ್ನ ಮನಸ್ಸಿಗೂ ಅದೇ ಬೇಕಿತ್ತು. ಅಪ್ಪ ಒಳ್ಳೆಯವರಾಗಿದ್ದರು ಎಂದು ಯಾರಾದರೂ ಅಧಿಕೃತವಾಗಿ ಬರೆದುಕೊಡಲಿ ಎಂಬ ಆಸೆ. ಆದರೆ ಮತ್ತೊಬ್ಬ ಹಿರಿಯ ವಕೀಲರು ಆ ವಾದದ ಬಾಗಿಲು ಮುಚ್ಚಿದೆ ಎಂದು ಬಿಡಿಸಿ ಹೇಳಿದರು. ಅದನ್ನು ಮುಚ್ಚಿದ್ದು ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ: ಕೊಡಗಿನ ಗೋಣಿಕೊಪ್ಪಲಿನ ತೋಟಗಾರಿಕಾ ಪ್ರಯೋಗ ಕೇಂದ್ರದ ಮೇಲ್ಮನವಿ. 2022ರ ಫೆಬ್ರುವರಿ 23ರಂದು ಸುಪ್ರೀಂ ಕೋರ್ಟ್ ಅದರಲ್ಲಿ, ವಂತಿಗೆ ತಡವಾದರೆ ಸಾಕು, 14ಬಿ ದಂಡಕ್ಕೆ ಮಾಲೀಕರ ಕೆಟ್ಟ ಉದ್ದೇಶವನ್ನು ಸಾಬೀತುಪಡಿಸಬೇಕಾಗಿಲ್ಲ ಎಂದು ಸ್ಪಷ್ಟಪಡಿಸಿತು. ಹಣದ ಮುಗ್ಗಟ್ಟಿತ್ತು ಎಂಬ ಕಾರಣವನ್ನೂ ನ್ಯಾಯಾಲಯಗಳು ಬಹಳ ಹಿಂದೆಯೇ ತಳ್ಳಿಹಾಕಿವೆ. ಮನ್ನಾ ಅಥವಾ ಕಡಿತದ ಅಧಿಕಾರವಿರುವುದು ಭವಿಷ್ಯ ನಿಧಿಯನ್ನು ನಡೆಸುವ ಕೇಂದ್ರ ಟ್ರಸ್ಟಿಗಳ ಮಂಡಳಿಗೆ, ಅದೂ ಪುನಶ್ಚೇತನ ಯೋಜನೆ ಮಂಜೂರಾದ ರೋಗಗ್ರಸ್ತ ಉದ್ಯಮಗಳಂಥ ಸಂದರ್ಭಗಳಿಗೆ. ವಿಚಾರಣೆ ನಡೆಸುವ ಅಧಿಕಾರಿಗೆ ಕರುಣೆ ಇದ್ದರೂ ಅದನ್ನು ಆದೇಶದಲ್ಲಿ ಬರೆಯಲು ಜಾಗವಿಲ್ಲ.

'ಕಥೆ ಹೇಳಬೇಡಿ, ತಾರೀಖು ತೋರಿಸಿ' ಎಂದರು ಆ ವಕೀಲರು. ಮುಂದಿನ ಎಲ್ಲ ಕೆಲಸವೂ ಈ ಒಂದು ಮಾತಿನ ಮೇಲೆ ನಡೆಯಿತು. ಇಡೀ ಮೊತ್ತವನ್ನು ಒಂದು ಬಂಡೆಯಂತೆ ನೋಡುವುದನ್ನು ಬಿಟ್ಟು ಪಟ್ಟಿಯ ಪ್ರತಿ ಸಾಲನ್ನೂ ಬೇರೆ ಬೇರೆ ಪ್ರಕರಣವೆಂಬಂತೆ ನೋಡತೊಡಗಿದೆ.

ಅದಕ್ಕೆ ಮೊದಲು ಲೆಕ್ಕ ಅರ್ಥವಾಗಬೇಕು. ಯಾವುದೇ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಹಿಂದೆ ಐದು ದಿನಗಳ ರಿಯಾಯಿತಿ ಇತ್ತು, 2016ರ ಫೆಬ್ರುವರಿಯಿಂದ ಅದನ್ನು ತೆಗೆದುಹಾಕಿದ್ದಾರೆ. ನಮ್ಮ ಹಳೆಯ ಲೆಕ್ಕಿಗರು 2019ರಲ್ಲೂ 18, 19ಕ್ಕೆ ಕಟ್ಟುತ್ತಿದ್ದುದು ಆ ಹಳೆಯ ರೂಢಿಯಿಂದ. 2008ರಿಂದ 2024ರ ಜೂನ್ ಮಧ್ಯದವರೆಗಿನ ವಿಳಂಬಗಳಿಗೆ ದಂಡದ ವಾರ್ಷಿಕ ದರ ಹೀಗಿದೆ: ಎರಡು ತಿಂಗಳೊಳಗೆ ಶೇ 5, ಎರಡರಿಂದ ನಾಲ್ಕು ತಿಂಗಳಿಗೆ ಶೇ 10, ನಾಲ್ಕರಿಂದ ಆರಕ್ಕೆ ಶೇ 15, ಆರು ತಿಂಗಳು ಮತ್ತು ಅದಕ್ಕೆ ಮೇಲ್ಪಟ್ಟು ಶೇ 25. ದಂಡ ಎಷ್ಟೇ ಬೆಳೆದರೂ ಬಾಕಿಯಿದ್ದ ವಂತಿಗೆಯ ಮೊತ್ತವನ್ನು ಮೀರುವಂತಿಲ್ಲ. ನಮ್ಮ ಘಟಕಕ್ಕೆ ಕಾರ್ಮಿಕರ ಪಾಲು ಶೇ 12, ನಮ್ಮ ಪಾಲು ಶೇ 12, ವಿಮೆ ಮತ್ತು ಆಡಳಿತ ಶುಲ್ಕ ತಲಾ ಅರ್ಧ ಸೇರಿ ತಿಂಗಳಿಗೆ ಸುಮಾರು 97,500 ರೂಪಾಯಿ ಬರುತ್ತಿತ್ತು. ಇದು 40 ದಿನ ತಡವಾದರೆ ದಂಡ 534 ರೂಪಾಯಿ, ಬಡ್ಡಿ 1,282. ಅದೇ 212 ದಿನ ತಡವಾದರೆ ದಂಡ 14 ಸಾವಿರ ದಾಟುತ್ತದೆ, ಬಡ್ಡಿ 6,800ರ ಹತ್ತಿರ. ಅಂದರೆ ಆರು ತಿಂಗಳ ಗೆರೆ ದಾಟಿದ ಸಾಲುಗಳೇ ಹೊರೆಯ ದೊಡ್ಡ ಪಾಲು. ನಾನು ಪಟ್ಟಿಯನ್ನು ಮೊತ್ತದ ಇಳಿಕೆಯ ಕ್ರಮದಲ್ಲಿ ಜೋಡಿಸಿಕೊಂಡು ಮೇಲಿನಿಂದ ಪರಿಶೀಲಿಸಿದೆ. ನೂರು, ಇನ್ನೂರು ರೂಪಾಯಿಯ ಸಾಲುಗಳ ಮೇಲೆ ಮೊದಲೇ ರಾತ್ರಿ ಕಳೆಯಬೇಡಿ.

2024ರ ಜೂನ್ ನಂತರದ ವಿಳಂಬಕ್ಕೆ ದರ ತಿಂಗಳಿಗೆ ಅಥವಾ ತಿಂಗಳ ಭಾಗಕ್ಕೆ ಶೇ 1. ಇದನ್ನು ಎಲ್ಲರೂ 'ದಂಡ ಇಳಿಸಿದ್ದಾರೆ' ಎಂದೇ ಹೇಳುತ್ತಾರೆ. ದೀರ್ಘ ವಿಳಂಬಕ್ಕೆ ಅದು ನಿಜ, ಆದರೆ ಅಲ್ಪ ವಿಳಂಬಕ್ಕೆ ಉಲ್ಟಾ. ಮೇಲಿನ 40 ದಿನಗಳ ಉದಾಹರಣೆಯಲ್ಲೇ ಹೊಸ ದರದಲ್ಲಿ ಎರಡು ತಿಂಗಳೆಂದು ಎಣಿಸಿ 1,950 ರೂಪಾಯಿ ಆಗುತ್ತದೆ. ನಾಲ್ಕೈದು ದಿನ ತಡವಾದರೂ ಶೇ 1 ಬಿತ್ತು. ಆಗಾಗ 16, 17ಕ್ಕೆ ಕಟ್ಟುವ ಅಭ್ಯಾಸವಿರುವವರಿಗೆ ಈಗಿನ ನಿಯಮವೇ ಹೆಚ್ಚು ಬಿಗಿ. ಹೊಸ ದರವನ್ನು ನಮ್ಮ ಹಳೆಯ ತಿಂಗಳುಗಳಿಗೂ ಅನ್ವಯಿಸಿ ಎಂದು ನಾನು ಕೇಳಿದ್ದೆ. ಹಿಂದಿನ ವಿಳಂಬಕ್ಕೆ ಹಿಂದಿನ ದರವೇ ಎಂಬ ಉತ್ತರ ಬಂತು.

ಈಗ ಸಾಲುಗಳ ವಿಷಯ. ತಕರಾರಿಗೆ ನಾಲ್ಕು ಗುಂಪು ಸಿಕ್ಕವು.

ಒಂದು, ಲಾಕ್‌ಡೌನ್ ತಿಂಗಳುಗಳು. 2020ರ ಮೇ 15ರಂದು ಭವಿಷ್ಯ ನಿಧಿ ಸಂಘಟನೆಯೇ ಹೊರಡಿಸಿದ ಸುತ್ತೋಲೆ ಇದೆ. ಲಾಕ್‌ಡೌನ್ ಅವಧಿಯಲ್ಲಿ ಕಾರ್ಯಾಚರಣೆಯ ಅಥವಾ ಆರ್ಥಿಕ ಕಾರಣದಿಂದ ವಂತಿಗೆ ತಡವಾದರೆ ಅದನ್ನು ಕಸೂರೆಂದು ಪರಿಗಣಿಸಿ ದಂಡ ಹಾಕಬಾರದು ಎಂದು ಅದರ ಸಾರ. ಆದರೂ ನಮ್ಮ ಪಟ್ಟಿಯಲ್ಲಿ 2020ರ ಆ ತಿಂಗಳುಗಳಿಗೆ ಶೇ 25ರಂತೆ ದಂಡ ಹಾಕಿದ್ದರು, ಸುಮಾರು 31 ಸಾವಿರ. ಪಟ್ಟಿ ಕಂಪ್ಯೂಟರಿನಿಂದ ತಾನಾಗಿಯೇ ಹೊರಡುತ್ತದೆ, ಸುತ್ತೋಲೆಯನ್ನು ನೆನಪಿಸುವ ಕೆಲಸ ನಮ್ಮದು. ಸುತ್ತೋಲೆಯ ಪ್ರತಿಯ ಜೊತೆಗೆ ಜಿಲ್ಲಾಡಳಿತದ ನಿರ್ಬಂಧದ ಆದೇಶ, ವಹಿವಾಟು ನಿಂತದ್ದನ್ನು ತೋರಿಸುವ ಜಿಎಸ್‌ಟಿ ವಿವರ, ಕಾರ್ಖಾನೆಯ ವಿದ್ಯುತ್ ಬಿಲ್ಲುಗಳನ್ನು ಇಟ್ಟೆ. ವಿದ್ಯುತ್ ಬಿಲ್ ಬಹಳ ನೆರವಾಯಿತು. ಯಂತ್ರ ಓಡಿಲ್ಲ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಇಲ್ಲ. ಗಮನಿಸಿ, ಸುತ್ತೋಲೆಯ ರಕ್ಷಣೆ ದಂಡಕ್ಕೆ ಮಾತ್ರ. ಬಡ್ಡಿ ಕಟ್ಟಲೇಬೇಕು.

ಎರಡು, ತಪ್ಪು ತಿಂಗಳಿಗೆ ಅಂಟಿಕೊಂಡ ಹಣ. ರಾಜ್ಯದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. ಒಂದು ವರ್ಷ ನಾವು ಕಾರ್ಮಿಕರೊಂದಿಗೆ ಮಾತುಕತೆ ಮುಗಿಸಿ ಒಟ್ಟು ಕೂಲಿಯ ಹೆಚ್ಚಳವನ್ನು ಹಿಂದಿನಿಂದ ಅನ್ವಯಿಸುವಂತೆ ಬಾಕಿಯಾಗಿ ಕೊಟ್ಟಿದ್ದೆವು. ಆ ಬಾಕಿಯ ಮೇಲಿನ ಪಿಎಫ್ ಅನ್ನು ಕೊಟ್ಟ ತಿಂಗಳಲ್ಲೇ ಪೂರಕ ಚಲನ್ ಮೂಲಕ ಕಟ್ಟಿದ್ದೆವು. ಪಟ್ಟಿಯಲ್ಲಿ ಮಾತ್ರ ಅದು ವರ್ಷದ ಹಿಂದಿನ ಕೂಲಿಗೆ ಸೇರಿದ ಹಣ ಎಂದು ಎಣಿಕೆಯಾಗಿ, ವರ್ಷ ತಡವಾದಂತೆ ಕಾಣುತ್ತಿತ್ತು. ಒಂದೇ ಸಾಲಿನಲ್ಲಿ ಸುಮಾರು 30 ಸಾವಿರ ದಂಡ, 14 ಸಾವಿರಕ್ಕೂ ಹೆಚ್ಚು ಬಡ್ಡಿ. ಒಪ್ಪಂದ ಪತ್ರ, ಕೂಲಿ ಪುಸ್ತಕದ ಪುಟ, ಬ್ಯಾಂಕಿನಿಂದ ಕಾರ್ಮಿಕರ ಖಾತೆಗೆ ಹಣ ಹೋದ ದಿನಾಂಕ ಈ ಮೂರನ್ನು ಒಂದರ ಕೆಳಗೊಂದು ಇಟ್ಟು, ಕೂಲಿ ಕೊಡುವ ಹೊಣೆ ಹುಟ್ಟಿದ್ದೇ ಆ ತಿಂಗಳಲ್ಲಿ ಎಂದು ತೋರಿಸಿದೆ.

ಮೂರು, 15ನೆಯ ತಾರೀಖಿಗೇ ನಮ್ಮ ಖಾತೆಯಿಂದ ಹಣ ಹೋಗಿದ್ದರೂ ಮರುದಿನದ ಜಮೆ ಎಂದು ತೋರಿಸಿದ್ದ ಸಾಲುಗಳು. ಒಟ್ಟು ಮೊತ್ತ ಸಣ್ಣದೇ. ಬ್ಯಾಂಕ್ ವ್ಯವಸ್ಥಾಪಕರು ಮೊಹರು ಹಾಕಿಕೊಟ್ಟ ಖಾತೆ ವಿವರಣೆಯಿಂದ ಅದು ಇತ್ಯರ್ಥವಾಯಿತು. ಹಳೆಯ ವರ್ಷದ ವಿವರಣೆಗೆ ಬ್ಯಾಂಕ್ ಶುಲ್ಕ ತೆಗೆದುಕೊಂಡಿತು, ಕೊಡುವುದಕ್ಕೆ ವಾರಗಳೇ ಹಿಡಿದವು.

ನಾಲ್ಕನೆಯದು ನನ್ನನ್ನು ಇಂದಿಗೂ ಕಾಡುವ ಗುಂಪು. 2021ರ ಸೆಪ್ಟೆಂಬರ್ 1ರಿಂದ, ಆಧಾರ್ ಜೋಡಣೆಯಾಗದ ಸದಸ್ಯರ ಹೆಸರಿನಲ್ಲಿ ವಂತಿಗೆ ಸಲ್ಲಿಸಲು ಪೋರ್ಟಲ್ ಬಿಡುವುದಿಲ್ಲ. ನಮ್ಮಲ್ಲಿ ರಾಯಚೂರು ಕಡೆಯಿಂದ ಬಂದ ಕೆಲವರ ಹೆಸರು ಪಿಎಫ್ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಒಬ್ಬರ ಹುಟ್ಟಿದ ವರ್ಷವೇ ಬೇರೆ. ಇಂಥ ವಿವರ ತಿದ್ದಿಸಲು ಕಾರ್ಮಿಕರೂ ಮಾಲೀಕರೂ ಸೇರಿ ಕೊಡುವ ಜಂಟಿ ಘೋಷಣೆಯ ಅರ್ಜಿಗಳನ್ನು ಅಪ್ಪ ಸಲ್ಲಿಸಿದ್ದರು, ಸ್ವೀಕೃತಿಯೂ ಇದೆ. ಆ ಅರ್ಜಿಗಳು ತೀರ್ಮಾನವಾಗಲು ತಿಂಗಳುಗಳು ಹಿಡಿದವು. ಹಣ ಕೈಯಲ್ಲಿತ್ತು, ಕಟ್ಟಲು ವ್ಯವಸ್ಥೆಯೇ ಬಿಡಲಿಲ್ಲ, ಆಮೇಲೆ ತಡವಾಯಿತೆಂದು ದಂಡ. ಇದು ನನ್ನ ದೃಷ್ಟಿಯಲ್ಲಿ ಅನ್ಯಾಯ, ಈಗಲೂ ಹಾಗೆಯೇ ಹೇಳುತ್ತೇನೆ. ಇದರ ಮೊತ್ತ ಸುಮಾರು 11 ಸಾವಿರ.

ಇನ್ನು ತಕರಾರು ತೆಗೆಯದೆ ಬಿಟ್ಟ ಸಾಲುಗಳು. ಅಪ್ಪನ ಕಾಯಿಲೆಯ ಕಾಲದ ತಿಂಗಳುಗಳ ಕೂಲಿ ಪುಸ್ತಕ ತೆರೆದಾಗ ಕಾರ್ಮಿಕರ ಪಾಲಿನ ಶೇ 12 ಕಡಿತವಾಗಿರುವುದು ಕಂಡಿತು. ಕಡಿತವಾಗಿದೆ, ಆದರೆ ಏಳೆಂಟು ತಿಂಗಳು ನಿಧಿಗೆ ಹೋಗಿಲ್ಲ. ಹಾಗೆ ಕಡಿತ ಮಾಡಿ ಕಟ್ಟದಿರುವುದು ಬರೀ ದಂಡದ ವಿಷಯವಲ್ಲ, ನಂಬಿಕೆ ದ್ರೋಹದ ಕ್ರಿಮಿನಲ್ ಪ್ರಕರಣವೂ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಅಂಟು ಹಚ್ಚುವ ವಿಭಾಗದ ಹಿರಿಯ ಕಾರ್ಮಿಕರೊಬ್ಬರು ಆ ದಿನಗಳಲ್ಲಿ ತಮ್ಮ ಪಾಸ್‌ಬುಕ್‌ನಲ್ಲಿ ಖಾಲಿ ತಿಂಗಳುಗಳನ್ನು ನೋಡಿ ಕೇಳಲು ಸಂಕೋಚಪಟ್ಟು ಸುಮ್ಮನಿದ್ದರಂತೆ. ಅದನ್ನು ಅವರು ನನಗೆ ಹೇಳಿದ್ದು ಈಗ. ಆ ಸಾಲುಗಳ ಮೇಲೆ ನಾನು ಒಂದು ಅಕ್ಷರದ ಆಕ್ಷೇಪವನ್ನೂ ಬರೆಯಲಿಲ್ಲ. ನಮ್ಮ ಉತ್ತರದ ಮೊದಲ ಪ್ಯಾರಾದಲ್ಲೇ, 'ಈ ಕೆಳಗಿನ ತಿಂಗಳುಗಳ ವಿಳಂಬವನ್ನು ಒಪ್ಪುತ್ತೇವೆ' ಎಂದು ಪಟ್ಟಿ ಕೊಟ್ಟೆವು. ವಕೀಲರು ಇದಕ್ಕೆ ಅರೆಮನಸ್ಸಿನಿಂದ ಒಪ್ಪಿದರು. ಆದರೆ ವಿಚಾರಣೆಯಲ್ಲಿ ಇದರ ಪರಿಣಾಮ ನನಗೆ ಕಂಡಿತು: ಎಲ್ಲವನ್ನೂ ಅಲ್ಲಗಳೆಯುವವರ ಕಾಗದವನ್ನು ಅನುಮಾನದಿಂದ ನೋಡುತ್ತಾರೆ, ಅರ್ಧವನ್ನು ಒಪ್ಪಿದವರ ಉಳಿದ ಅರ್ಧವನ್ನು ಓದುತ್ತಾರೆ.

ಇದೇ ತಿಂಗಳುಗಳಿಂದ ಮತ್ತೊಂದು ವೆಚ್ಚ ಹುಟ್ಟುತ್ತದೆ, ನೋಟಿಸಿನಲ್ಲಿ ಅದು ಇರುವುದಿಲ್ಲ. ಆ ವರ್ಷಗಳ ನಿಯಮದಂತೆ, ಕಾರ್ಮಿಕರ ಪಾಲನ್ನು ಗಡುವಿನೊಳಗೆ ಕಟ್ಟದಿದ್ದರೆ ಆದಾಯ ತೆರಿಗೆಯಲ್ಲಿ ಆ ಮೊತ್ತವನ್ನು ಖರ್ಚೆಂದು ತೋರಿಸುವಂತಿರಲಿಲ್ಲ. ರಿಟರ್ನ್ ಸಲ್ಲಿಸುವ ಮುನ್ನ ಕಟ್ಟಿದ್ದರೂ ಆಗದು ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಿಮ್ಮ ಲೆಕ್ಕ ಪರಿಶೋಧಕರಿಗೆ ಪಿಎಫ್ ನೋಟಿಸಿನ ಪಟ್ಟಿಯನ್ನು ತಪ್ಪದೆ ತೋರಿಸಿ.

ವಿಚಾರಣೆಗಳು ಕೆಲವು ಕಚೇರಿಯಲ್ಲಿ, ಕೆಲವು ವಿಡಿಯೊ ಮೂಲಕ ನಡೆದವು. ಹೆಚ್ಚಿನವು ಮುಂದೂಡಿಕೆಯಲ್ಲೇ ಮುಗಿದವು: ಒಮ್ಮೆ ಅಧಿಕಾರಿ ವರ್ಗಾವಣೆಯಾಗಿದ್ದರು, ಒಮ್ಮೆ ಇಲಾಖೆಯ ಪ್ರತಿನಿಧಿ ನಮ್ಮ ದಾಖಲೆ ಪರಿಶೀಲಿಸಿರಲಿಲ್ಲ, ಒಮ್ಮೆ ಸಂಪರ್ಕವೇ ಸಿಗಲಿಲ್ಲ. ಹೊಸ ಅಧಿಕಾರಿ ಬಂದ ಮೇಲೆ ನಮ್ಮ ಮೊದಲಿನ ಉತ್ತರ ಕಡತದಲ್ಲಿ ಕಾಣಲಿಲ್ಲ. ಸಲ್ಲಿಸಿದ ದಿನ ಹಾಕಿಸಿಕೊಂಡಿದ್ದ ಸ್ವೀಕೃತಿಯ ಮೊಹರು ಆಗ ನನ್ನನ್ನು ಕಾಪಾಡಿತು. ಪ್ರತಿ ಕಾಗದದ ಎರಡನೆಯ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ, ಅದನ್ನೇ ಇಮೇಲ್‌ನಲ್ಲೂ ಕಳುಹಿಸಿ. ಪ್ರತಿ ವಿಚಾರಣೆಯ ದಿನದ ಟಿಪ್ಪಣಿಯ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ 'ಸಂಸ್ಥೆಯ ಪರ ಯಾರೂ ಹಾಜರಿಲ್ಲ' ಎಂದು ತಪ್ಪಾಗಿ ದಾಖಲಾದರೆ ಅಂದೇ ತಿದ್ದಿಸಬೇಕು. ಹೊಸ ಅಧಿಕಾರಿ ಸೌಜನ್ಯದಿಂದಲೇ ನಡೆದುಕೊಂಡರು ಎಂದು ಹೇಳಬೇಕು. ನಮ್ಮ ಸಾಲುವಾರು ಕೋಷ್ಟಕವನ್ನು ಪಟ್ಟಿಯ ಪಕ್ಕದಲ್ಲಿಟ್ಟು, ಪೆನ್ಸಿಲ್ ಹಿಡಿದು ಒಂದೊಂದಾಗಿ ಕೇಳಿದರು. ಕೋಷ್ಟಕದಲ್ಲಿ ಪ್ರತಿ ಆಕ್ಷೇಪದ ಎದುರು ಯಾವ ಪುಟದಲ್ಲಿ ಸಾಕ್ಷ್ಯವಿದೆ ಎಂದು ನಮೂದಿಸಿದ್ದರಿಂದ ಅವರ ಕೆಲಸ ಹಗುರವಾಯಿತು.

ಆದೇಶ 2025ರ ಮಧ್ಯದಲ್ಲಿ ಕೈಸೇರಿತು. ದಂಡಕ್ಕೆ ಒಂದು, ಬಡ್ಡಿಗೆ ಒಂದು, ಎರಡು ಪ್ರತ್ಯೇಕ ಆದೇಶಗಳು. ಲಾಕ್‌ಡೌನ್ ಸಾಲು, ಪೂರಕ ಚಲನ್ ಸಾಲು, 15ನೆಯ ತಾರೀಖಿನ ಸಾಲುಗಳು ಬಿದ್ದುಹೋಗಿ ದಂಡ 1 ಲಕ್ಷ 79 ಸಾವಿರಕ್ಕೆ, ಬಡ್ಡಿ 1 ಲಕ್ಷ 41 ಸಾವಿರಕ್ಕೆ ಇಳಿದಿತ್ತು. ಆಧಾರ್ ಸಾಲುಗಳ ವಿಷಯದಲ್ಲಿ ನಮ್ಮ ವಾದವನ್ನು ಪೂರ್ತಿ ದಾಖಲಿಸಿ, ಸದಸ್ಯರ ವಿವರ ಸರಿಪಡಿಸಿಕೊಂಡು ವಂತಿಗೆ ಕಟ್ಟುವ ಹೊಣೆ ಮಾಲೀಕರದೇ ಎಂದು ತಳ್ಳಿಹಾಕಿದ್ದರು.

ಮೇಲ್ಮನವಿ ಹಾಕಬೇಕೇ ಎಂಬ ಪ್ರಶ್ನೆ ಆಗ ಬಂತು. 14ಬಿ ಆದೇಶದ ವಿರುದ್ಧ ಕೇಂದ್ರ ಸರ್ಕಾರದ ಕೈಗಾರಿಕಾ ನ್ಯಾಯಮಂಡಳಿಗೆ 60 ದಿನಗಳೊಳಗೆ ಹೋಗಬಹುದು, ತಕ್ಕ ಕಾರಣವಿದ್ದರೆ ಮಂಡಳಿ ಇನ್ನೂ 60 ದಿನ ಕೊಡಬಹುದು. ಆಮೇಲೆ ಬಾಗಿಲು ಮುಚ್ಚಿದಂತೆ. ನಮಗೆ ಅದು ಬೆಂಗಳೂರಿನಲ್ಲಿ. ಬಡ್ಡಿಯ ಪ್ರತ್ಯೇಕ ಆದೇಶಕ್ಕೆ ಮೇಲ್ಮನವಿಯೇ ಇಲ್ಲ. ದಂಡ, ಬಡ್ಡಿ ಎರಡನ್ನೂ ಒಂದೇ ಆದೇಶದಲ್ಲಿ ಬೆಸೆದಿದ್ದರೆ ಮಾತ್ರ ಬಡ್ಡಿಯನ್ನೂ ಪ್ರಶ್ನಿಸಬಹುದು ಎಂಬುದು ಸುಪ್ರೀಂ ಕೋರ್ಟಿನ 2013ರ ತೀರ್ಪು. ಆದೇಶ ಕೈಗೆ ಬಂದಾಗ ಅದು ಒಂದೋ ಎರಡೋ ಎಂಬುದನ್ನು ಮೊದಲು ನೋಡಿ. ಬಾಕಿ ನಿಗದಿಪಡಿಸುವ 7ಎ ಆದೇಶಗಳ ಮೇಲ್ಮನವಿಗೆ ಶೇ 75 ಠೇವಣಿ ಇಡಬೇಕೆಂದು 1952ರ ಕಾಯ್ದೆಯಲ್ಲಿದ್ದ ನಿಯಮ 14ಬಿಗೆ ಅನ್ವಯಿಸುತ್ತಿರಲಿಲ್ಲ, ಆದರೂ ತಡೆಯಾಜ್ಞೆ ಕೊಡುವಾಗ ಒಂದು ಪಾಲು ಕಟ್ಟಿ ಎಂದು ಮಂಡಳಿ ಹೇಳುವುದುಂಟು. 11 ಸಾವಿರದ ಆಧಾರ್ ಸಾಲುಗಳಿಗಾಗಿ ವಕೀಲರ ಶುಲ್ಕ, ಪ್ರಯಾಣ, ಕೆಲಸ ಬಿಟ್ಟು ಹೋಗುವ ದಿನಗಳು ಇವನ್ನೆಲ್ಲ ಲೆಕ್ಕ ಹಾಕಿ ಹೋಗದಿರಲು ತೀರ್ಮಾನಿಸಿದೆ. ಒಂದು ಲಕ್ಷದ ಆಧಾರ್ ಸಾಲುಗಳಿದ್ದಿದ್ದರೆ ಖಂಡಿತ ಹೋಗುತ್ತಿದ್ದೆ. ಅಂಥ ಸ್ಥಿತಿಯಲ್ಲಿರುವವರು ಹೋಗಬೇಕು ಎಂದೇ ನನ್ನ ಅಭಿಪ್ರಾಯ. ಈ ಪ್ರಶ್ನೆಯನ್ನು ಮೇಲಿನ ಹಂತದಲ್ಲಿ ಯಾರಾದರೂ ಎತ್ತಲೇಬೇಕು.

ಹಣ ಕಟ್ಟುವ ಹಂತ ಸುಲಭ ಎಂದುಕೊಂಡಿದ್ದೆ. ಆದೇಶದಲ್ಲಿ ಕೊಟ್ಟ ಕಾಲಾವಕಾಶ ಎರಡು ವಾರಕ್ಕೆ ಹತ್ತಿರ. ಅದು ಮೀರಿದರೆ ಕಡತ ವಸೂಲಾತಿ ವಿಭಾಗಕ್ಕೆ ಹೋಗುತ್ತದೆ, ಕಲಂ 8ಎಫ್ ಪ್ರಕಾರ ಬ್ಯಾಂಕಿಗೆ ನೇರವಾಗಿ ಬರೆದು ಖಾತೆಯಿಂದ ಹಣ ತೆಗೆಸಬಹುದು. ಮೇಲ್ಮನವಿಗೆ 60 ದಿನ ಇದೆಯಲ್ಲ ಎಂಬ ಧೈರ್ಯದಲ್ಲಿ ಕೂರಬೇಡಿ. ತಡೆಯಾಜ್ಞೆ ಸಿಗುವವರೆಗೆ ಯಾವ ರಕ್ಷಣೆಯೂ ಇಲ್ಲ. ಪಾವತಿಯನ್ನು ಪೋರ್ಟಲ್‌ನಲ್ಲಿ ನೇರ ಚಲನ್ ಮೂಲಕ ಮಾಡಬೇಕು. ದಂಡ ಮತ್ತು ಬಡ್ಡಿಯನ್ನು ಬೇರೆ ಬೇರೆಯಾಗಿ ಆರಿಸಿ, ಪ್ರತಿಯೊಂದನ್ನೂ 1, 2, 10, 21, 22 ಎಂಬ (ಭವಿಷ್ಯ ನಿಧಿ, ಪಿಂಚಣಿ, ವಿಮೆ, ಆಡಳಿತ ಶುಲ್ಕಗಳ) ಖಾತೆಗಳಿಗೆ ಆದೇಶದಲ್ಲಿರುವಂತೆಯೇ ಹಂಚಿ ತುಂಬಬೇಕು. ಒಟ್ಟು ಮೊತ್ತ ಸರಿಯಿದ್ದು ಖಾತೆಯ ಹಂಚಿಕೆ ತಪ್ಪಿದರೆ ಕಡತದಲ್ಲಿ ಬಾಕಿ ಹಾಗೆಯೇ ಉಳಿಯುತ್ತದೆ. ನಮ್ಮ ಆದೇಶದಲ್ಲೇ ಒಂದು ಖಾತೆಯ ಮೊತ್ತ ಮುದ್ರಣವಾಗುವಾಗ ಬಿಟ್ಟುಹೋಗಿತ್ತು. ತಿದ್ದುಪಡಿ ಪತ್ರಕ್ಕೆ ಕಾಯುವಷ್ಟರಲ್ಲಿ ಗಡುವು ಹತ್ತಿರ ಬಂತು. ಗೊಂದಲವಿಲ್ಲದ ಖಾತೆಗಳ ಹಣವನ್ನು ಗಡುವಿನೊಳಗೆ ಕಟ್ಟಿ, ಉಳಿದುದಕ್ಕೆ ತಿದ್ದುಪಡಿ ಕೇಳಿದ್ದೇವೆ ಎಂದು ಲಿಖಿತವಾಗಿ ತಿಳಿಸಿದೆ.

ಕಟ್ಟಿದ ಮೊತ್ತದ ಹೊರತಾಗಿ ವಕೀಲರಿಗೆ 25 ಸಾವಿರ, ಬ್ಯಾಂಕ್ ದಾಖಲೆ, ಜೆರಾಕ್ಸ್, ನೋಟರಿ, ಓಡಾಟ ಎಲ್ಲ ಸೇರಿ ಇನ್ನೂ ಒಂಬತ್ತು ಸಾವಿರದ ಹತ್ತಿರ ಖರ್ಚಾಯಿತು. ಉಳಿದ 77 ಸಾವಿರದಲ್ಲಿ ಇದನ್ನು ಕಳೆದರೆ 43 ಸಾವಿರ.

ಈಗ ಈ ದಾರಿಯಲ್ಲಿರುವವರು ಗಮನಿಸಬೇಕಾದ ಎರಡು ಬೆಳವಣಿಗೆಗಳಿವೆ. 2025ರ ಅಕ್ಟೋಬರ್ 13ರ ಸಭೆಯಲ್ಲಿ ಕೇಂದ್ರ ಟ್ರಸ್ಟಿಗಳ ಮಂಡಳಿ 'ವಿಶ್ವಾಸ್' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಹಳೆಯ ವಿಳಂಬಗಳ ದಂಡವನ್ನು ತಿಂಗಳಿಗೆ ಶೇ 1ಕ್ಕೆ, ಅಲ್ಪ ವಿಳಂಬಗಳಿಗೆ ಅದಕ್ಕಿಂತಲೂ ಕಡಿಮೆಗೆ ಇಳಿಸಿ ವ್ಯಾಜ್ಯ ಮುಗಿಸುವುದು ಅದರ ಉದ್ದೇಶ. ನಮಗೆ ಅದು ತಡವಾಯಿತು. ನಿಮ್ಮ ಪ್ರಕರಣ ಬಾಕಿ ಇದ್ದರೆ ಹಣ ಕಟ್ಟುವ ಮುನ್ನ ಕಚೇರಿಯಲ್ಲಿ ಅದರ ಬಗ್ಗೆ ಲಿಖಿತವಾಗಿ ಕೇಳಿ. ಇನ್ನೊಂದು, 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಸಾಮಾಜಿಕ ಭದ್ರತಾ ಸಂಹಿತೆಯೂ ಅದರಲ್ಲಿ ಸೇರಿದೆ. ಮುಂದಿನ ನೋಟಿಸುಗಳಲ್ಲಿ ಕಲಂ ಸಂಖ್ಯೆಗಳು ಬೇರೆ ಇರಬಹುದು. ಉತ್ತರ ಬರೆಯುವಾಗ ನಿಮ್ಮ ನೋಟಿಸ್ ಯಾವ ಕಾನೂನನ್ನು ಹೆಸರಿಸಿದೆಯೋ ಅದನ್ನೇ ಹಿಡಿಯಿರಿ, ನನ್ನ ಕಲಂಗಳನ್ನು ನಕಲು ಮಾಡಬೇಡಿ.

ತಿದ್ದುಪಡಿ ಪತ್ರ ಬಂದ ಮೇಲೆ ಉಳಿದ ಖಾತೆಯ ಹಣವನ್ನೂ ಕಟ್ಟಿದೆ. ಎಲ್ಲ ಚಲನ್‌ಗಳ ಪಾವತಿ ರಸೀದಿಗಳನ್ನು ಆದೇಶದ ಪ್ರತಿಯೊಂದಿಗೆ ಸಲ್ಲಿಸಿ, ಪ್ರಕರಣ ಮುಕ್ತಾಯವಾಗಿದೆ ಎಂಬ ಪತ್ರ ಕೇಳಿದೆ. ಕೇಳದೆ ಅದು ಬರುವುದಿಲ್ಲ. ಮೊದಲು ವಸೂಲಾತಿ ವಿಭಾಗದ ಕಡತದಲ್ಲಿ ನಾಲ್ಕು ರೂಪಾಯಿ ಬಾಕಿ ತೋರಿಸುತ್ತಿತ್ತು, ಪೈಸೆಗಳನ್ನು ಪೂರ್ಣಾಂಕ ಮಾಡಿದ ವ್ಯತ್ಯಾಸ. ಅದಕ್ಕೂ ಒಂದು ಚಲನ್ ತೆಗೆದು ಕಟ್ಟಿದೆವು. ಪತ್ರ ಕಳೆದ ವಾರ ಬಂದಿದೆ. ಬ್ಯಾಂಕಿನಲ್ಲಿ ನಿಂತಿದ್ದ ದುಡಿಮೆ ಬಂಡವಾಳದ ಸಾಲದ ನವೀಕರಣಕ್ಕೆ ಅದರ ಪ್ರತಿಯನ್ನು ಕೊಟ್ಟಿದ್ದೇನೆ, ಮತ್ತೊಂದನ್ನು ಕಾರ್ಮಿಕರ ಸೂಚನಾ ಫಲಕದಲ್ಲಿ ಹಾಕಿದ್ದೇವೆ.